ಹೆಸರು ಆಮೇಲೆ ಎನ್ನುತ್ತಿದ್ದ ಸುಶೀಲಕ್ಕ

ಸುಶೀಲಕ್ಕನ ಮನೆಯಲ್ಲಿ ಹಾಡು ಕೇಳುತ್ತಿರುವಾಗ "ಯಾರಿದು?" ಎಂದು ಯಾರಾದರೂ ಬಾಯಿಬಿಟ್ಟರೆ ಟೇಪ್‌ರೆಕಾರ್ಡರ್ ಟಕ್ಕೆಂದು ನಿಂತುಬಿಡುತ್ತಿತ್ತು. "ಮೊದಲ ಕೇಳ್ರಿ, ಹೆಸರ ಆಮ್ಯಾಲ" ಎನ್ನುತ್ತಿದ್ದರು. ದೊಡ್ಡ ಹೆಸರಾದರೆ ಕೇಳುವ ಮೊದಲೇ ತಲೆದೂಗುತ್ತೀರಿ, ಗೊತ್ತಿಲ್ಲದ ಹೆಸರಾದರೆ ಆಕಳಿಸುತ್ತೀರಿ ಎಂಬುದು ಅವರ ವಾದ. ನನ್ನ ಗಂಡ ಮೊದಲ ದಿನವೇ ಹಾಗೆ ಕೇಳಿ, ಹಾಡಿನ ಜೊತೆಗೆ ಎರಡನೇ ಸಲದ ಅವಲಕ್ಕಿಯನ್ನೂ ಕಳೆದುಕೊಂಡರು. "ಏನ್ ಹೆಂಗಸಪ್ಪಾ!" ಎಂದು ಮನೆಗೆ ಬಂದು ಗೊಣಗಿದರು.

ಅದು ಎಪ್ಪತ್ತರ ದಶಕದ ಕೊನೆ. ಆರ್.ಟಿ. ನಗರದಲ್ಲಿ ಫಾತಿಮಾಬಿ ಅವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಮುಂದಿನ ಕೋಣೆಗಳಲ್ಲಿ ಧಾರವಾಡದ ಕಡೆಯಿಂದ ಬಂದ ಸುಶೀಲಕ್ಕ, ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಟೈಮ್ ಎಲ್ಲಿ ಅದರೀ? ಕೇಳೂದು ಭಾಳ ಅದ" ಎಂದು ನಗುತ್ತಿದ್ದರು.

ಅವರಿಗೆ ಎಲ್ಲರಿಗಿಂತ ಮಿಗಿಲಾದವರು ಬ್ಯಾಡಗಿ ಕಡೆಯ ತುಳಸಾಬಾಯಿ ಎಂಬ ಗಾಯಕಿ. ತುಳಸಾಬಾಯಿಯ ಒಂದು ಗ್ರಾಮಫೋನ್ ಪ್ಲೇಟೂ ಬಂದಿರಲಿಲ್ಲ, ರೇಡಿಯೋದವರು ಕರೆದಿರಲಿಲ್ಲ. ಯಾರದೋ ಮನೆಯಲ್ಲಿ ಹಾಡಿದ್ದನ್ನು ಸುಶೀಲಕ್ಕ ತುಂಬಿಸಿಕೊಂಡಿದ್ದ ಕ್ಯಾಸೆಟ್ ಒಂದೇ ಇತ್ತು. "ನಾಕು ಮಂದಿ ಕಿವಿಯೊಳಗ ಉಳದ್ರ ಅಕಿ ಉಳದಂಗ. ಇಲ್ಲಾಂದ್ರ ಹೋದ್ಲು, ತಂಗಿ" ಎನ್ನುವಾಗ ಅವರ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಒಮ್ಮೆ ನಲ್ಲಿ ನೀರಿನ ವಿಷಯಕ್ಕೆ ಜಗಳವಾಡಲು ಬಂದ ಫಾತಿಮಾಬಿ ಆ ಹಾಡಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತವರು ಮುಗಿಯುವವರೆಗೆ ಕದಲಲಿಲ್ಲ. "ಹಾಯ್ ಅಲ್ಲಾ, ಎದೆ ಒಳಗೆ ಕೈ ಹಾಕ್ದಂಗಾಯ್ತು ಕಣಮ್ಮ" ಎಂದು, ಬಂದ ಕೆಲಸ ಮರೆತು ಹೊರಟುಹೋದರು. ಸುಶೀಲಕ್ಕನನ್ನು ಆ ವಾರವೆಲ್ಲ ಹಿಡಿಯುವವರಿರಲಿಲ್ಲ.

ಆ ಧೈರ್ಯದ ಮೇಲೆಯೇ ಅವರು ತುಳಸಾಬಾಯಿಯನ್ನು ಕರೆಸಿದರು. ಫಾತಿಮಾಬಿ ತಾರಸಿ ಬಿಟ್ಟುಕೊಟ್ಟರು. ಬೀದಿಯವರನ್ನೆಲ್ಲ ಸುಶೀಲಕ್ಕ ಕರೆದದ್ದು ತಮ್ಮ ಪದ್ಧತಿಯಂತೆಯೇ: "ರವಿವಾರ ಸಂಜಿಮುಂದ ಛಲೋ ಹಾಡ ಅದ, ಬರ್ರಿ." ಹಾಡುವವರು ಯಾರು, ಎಂಥ ಹಾಡು, ಯಾವುದನ್ನೂ ಹೇಳಲಿಲ್ಲ. ಜನ ಆರ್ಕೆಸ್ಟ್ರಾ ಎಂದುಕೊಂಡು ಮಕ್ಕಳು ಮರಿಗಳೊಂದಿಗೆ ತಾರಸಿ ತುಂಬ ಬಂದರು. ತಂಬೂರಿ ಹಿಡಿದು ಕುಳಿತ ಬಡಕಲು ಮುದುಕಿಯನ್ನು ಕಂಡು, ತುಳಸಾಬಾಯಿ ಇನ್ನೂ ಆಲಾಪದಲ್ಲಿರುವಾಗಲೇ, ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. "ಏನ್ ಗುರು ಇದು, ಸಿನಿಮಾ ಹಾಡ್ ಇಲ್ವಾ?" ಎಂದು ಕೆಳಗೆ ಒಬ್ಬ ಕೇಳಿದ್ದು ಮೇಲಿದ್ದವರಿಗೆಲ್ಲ ಕೇಳಿಸಿತು. ತುಳಸಾಬಾಯಿ ಕಣ್ಣು ತೆರೆಯದೆ ಹಾಡಿದರು. ಕೊನೆಗೆ ಉಳಿದವರಿಗೆ ಒಂದು ಚಾಪೆ ಸಾಕಾಯಿತು.

"ನನ್ನ ಹಟಕ್ಕ ಅಕಿಗೆ ಅವಮಾನ ಮಾಡಿಸಿದೆ" ಎಂದು ಸುಶೀಲಕ್ಕ ಅಡುಗೆಮನೆಯಲ್ಲಿ ನಿಂತು ಅತ್ತರು. ಮರುದಿನದಿಂದ ಅವರ ಪದ್ಧತಿಯೇ ತಲೆಕೆಳಗಾಯಿತು. ಬಸ್‌ಸ್ಟಾಪಿನಲ್ಲಿ, ರೇಷನ್ ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ ಮೊದಲು ಹೆಸರನ್ನೇ ಹೇಳುತ್ತಿದ್ದರು: "ತುಳಸಾಬಾಯಿ ಅಂತ. ನೆನಪಿಟ್ಕೋರಿ." ಕೆಲವು ವರ್ಷಗಳಲ್ಲಿ ತುಳಸಾಬಾಯಿ ತೀರಿಕೊಂಡರು. ಆಮೇಲಂತೂ ಸುಶೀಲಕ್ಕನಿಗೆ ಇದೊಂದು ವ್ರತವೇ ಆಗಿಹೋಯಿತು.

ನಾವು ಯಲಹಂಕಕ್ಕೆ ಮನೆ ಬದಲಾಯಿಸಿದ ಮೇಲೆ ಹೋಗಿ ಬರುವುದು ಕಡಿಮೆಯಾಯಿತು. ಈಗ ನೆನೆದರೆ ಸಂಕಟವಾಗುತ್ತದೆ. ಆ ಮುಂದಿನ ಕೋಣೆಯ ಚಾಪೆಯ ಮೇಲೆ ಇನ್ನೊಂದೇ ಒಂದು ಸಂಜೆ ಕೂರಲು ಸಿಕ್ಕರೆ ಏನು ಬೇಕಾದರೂ ಕೊಟ್ಟೇನು.

ಎಂಬತ್ತರ ದಶಕದ ಕೊನೆಯಲ್ಲಿ, ಅವರು ನಿವೃತ್ತರಾಗಿ ಧಾರವಾಡದ ತಮ್ಮನ ಮನೆಗೆ ಹೊರಟಿದ್ದಾರೆಂದು ತಿಳಿದು ನೋಡಲು ಹೋದೆ. ಬಾಗಿಲು ಬಡಿದೆ, ತೆರೆಯಲಿಲ್ಲ. ಫಾತಿಮಾಬಿ ಬಂದು, "ಕಿವಿ ಪೂರಾ ಹೋಗಿದೆ ಕಣಮ್ಮ, ಪಾಪ. ಬಾಯಿ ನೋಡಿ ತಿಳ್ಕೋತಾರೆ" ಎಂದು ಒಳಗೆ ಕರೆದೊಯ್ದರು. ಸುಶೀಲಕ್ಕನನ್ನು ನಾನು ಕಂಡದ್ದು ಅದೇ ಕೊನೆ.

ಸುಶೀಲಕ್ಕ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. "ಇದು ಇನ್ನ ನಿನಗ. ಒಯ್ಯೂದಕ್ಕಿಂತ ಮೊದಲ ಒಂದ್ಸಲ ಹಚ್ಚು."

ಹಚ್ಚಿದೆ. ಅವರು ನನ್ನೆದುರು ಕುಳಿತು, ಸ್ವಲ್ಪ ಹೊತ್ತಿಗೆ, "ಈಗ ಎಲ್ಲಿ ಬಂದಾಳ?" ಎಂದು ಕೇಳಿದರು.

ನನಗೆ ರಾಗದ ಗಂಧವಿಲ್ಲ. ದನಿ ಏರುತ್ತಿದ್ದಂತೆ ನನ್ನ ಕೈಯನ್ನು ಮೇಲೆತ್ತಿ ತೋರಿಸಿದೆ.

"ಹೌದು ನೋಡು, ಅಲ್ಲೇ ನಿಲ್ತಾಳ" ಎಂದರು.

ತುಳಸಾಬಾಯಿ ಅಲ್ಲೇ ನಿಂತರು. ನನ್ನ ಕೈಯೂ ಅಲ್ಲೇ ನಿಂತಿತು. ಆ ಕೈ ಇಳಿಯುವುದನ್ನು ಕಾಯುತ್ತ ಸುಶೀಲಕ್ಕ ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತ ಕುಳಿತಿದ್ದರು.