ದೇವೀರಮ್ಮನ ಎರಡನೆಯ ಕೂ

ಬೆಳ್ಳಿಯಪ್ಪ ಮರದಿಂದ ಬಿದ್ದು ಸತ್ತನೆಂದು ಕಳಸದ ಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವನು ಮರದಿಂದ ಬೀಳುವ ಆಸಾಮಿಯೇ ಅಲ್ಲ. ಅವನ ಜೊತೆ ಮರ ಹತ್ತಿದವನು ನಾನು, ನನಗೆ ಗೊತ್ತು.

ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಸಂಸೆಯ ಕಡೆಯ ಒಂದು ಎಸ್ಟೇಟಿನಲ್ಲಿ ನಾವಿಬ್ಬರೂ ಮರಗಸಿಯ ಆಳುಗಳು. ಮಳೆಗಾಲ ಹಿಡಿಯುವ ಮೊದಲು, ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ಬೆಳ್ಳಿಯಪ್ಪ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆಅಡಿಕೆ ಜಗಿಯುತ್ತಾ, ಮಾವನ ಮನೆಯ ಮೆಟ್ಟಿಲು ಹತ್ತುವವನ ಹಾಗೆ ಅತ್ತಿಮರ ಹತ್ತುತ್ತಿದ್ದ. ಮೇಲೆ ಹೋದ ಮೇಲೂ ಸುಮ್ಮನಿರುವ ಪ್ರಾಣಿಯಲ್ಲ. ಮೇಸ್ತ್ರಿ ಗುರುವಯ್ಯ ದೂರದಲ್ಲಿ ಕಂಡರೆ ಅವರ ಹಾಗೆಯೇ ಕೆಮ್ಮಿ ತೋರಿಸುತ್ತಿದ್ದ. ಮೇಸ್ತ್ರಿಗೂ ಅವನೆಂದರೆ ಪ್ರಾಣ. ಬೈಯಲು ಬಾಯಿ ತೆರೆದವರು ನಕ್ಕುಬಿಡುತ್ತಿದ್ದರು.

ಕೊಂಬೆ ಕಡಿಯುವ ಮೊದಲು ಮೇಲಿದ್ದವನು ‘ಕೂ’ ಹಾಕಬೇಕು. ಕೆಳಗೆ ಸೊಪ್ಪು ಎಳೆಯುವ ಹೆಂಗಸರೆಲ್ಲ ದೂರ ಸರಿದ ಮೇಲೆ ಅವರಲ್ಲೊಬ್ಬಳು ತಿರುಗಿ ‘ಕೂ’ ಎನ್ನಬೇಕು. ಅದು ಕೇಳದೆ ಕತ್ತಿ ಎತ್ತುವ ಹಾಗಿಲ್ಲ. ನಮ್ಮ ಗುಂಪಿನಲ್ಲಿ ಆ ಕೆಲಸ ಬೆಳ್ಳಿಯಪ್ಪನ ತಾಯಿ ದೇವೀರಮ್ಮನದು. ಗಂಡ ಹೋದ ಮೇಲೆ ಆಕೆಗೆ ಉಳಿದವನು ಈ ಮಗನೊಬ್ಬನೇ. ನನಗೆ ಒಂದು ಕೂ ಕೊಡುತ್ತಿದ್ದಳು, ಮಗನಿಗೆ ಎರಡು.

“ಅದ್ಯಾಕವ್ವ ಅವನಿಗೆ ಮಾತ್ರ ಎರಡು?” ಎಂದು ಒಮ್ಮೆ ಕೆಣಕಿದ್ದೆ.

“ಒಂದು ಕೆಲಸಕ್ಕೆ ಕಣೋ ಚಿಕ್ಕಯ್ಯ. ಇನ್ನೊಂದು, ಹುಷಾರಾಗಿ ಇಳ್ದು ಬಾ ಅಂತ.”

“ಹಂಗಾರೆ ನಾನು ಬಿದ್ರೂ ಅಡ್ಡಿಲ್ವ?”

“ನಿಂಗೆ ನಿನ್ನವ್ವ ಇದಾಳಲ್ಲೋ, ಅವಳ್ನ ಕೇಳು” ಎಂದು ನಕ್ಕಳು.

ಬೆಳ್ಳಿಯಪ್ಪನನ್ನು ಕೊಂದದ್ದು ಚಳಿಜ್ವರ. ಸಂಜೆ ಮರ ಇಳಿದವನು ಮೈಕೈ ನೋವೆಂದು ಆಳುಗಳ ಲೈನಿನ ಮನೆಯಲ್ಲಿ ಚಾಪೆ ಹಾಸಿಕೊಂಡ. ಗುರುವಯ್ಯ ಬಂಗಲೆಯಿಂದ ಕ್ವಿನೈನು ತಂದುಕೊಟ್ಟರು. “ನಾಳೆ ಆ ದೊಡ್ಡ ಅತ್ತಿಮರ ನೀನೊಬ್ನೇ ಹತ್ತಬೇಡ ಮಾರಾಯ, ನಾನೂ ಬರ್ತೀನಿ” ಎಂದು ಬೆಳ್ಳಿಯಪ್ಪ ಮಲಗಿದಲ್ಲಿಂದಲೇ ನನಗೆ ಹೇಳಿದ. ಮಾರನೆಯ ದಿನ ಮಾತು ತೊದಲಿತು, ಸಂಜೆಯೊಳಗೆ ಹೋಗಿಯೇಬಿಟ್ಟ. ಅಷ್ಟು ಮರ ಹತ್ತಿ ಇಳಿದ ಹುಡುಗ ನೆಲದ ಮೇಲೆ ಮಲಗಿ ಸತ್ತ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ತಿಥಿ ಕಳೆದ ಮೇಲೆ ದೇವೀರಮ್ಮ ಕೆಲಸಕ್ಕೆ ಬಂದಳು. ಸೊಪ್ಪು ಎಳೆದಳು. ಅವತ್ತೇ ನಾನು ಆ ದೊಡ್ಡ ಅತ್ತಿಮರ ಹತ್ತಬೇಕಾಯಿತು, ಒಬ್ಬನೇ. ಕವಲಿನಲ್ಲಿ ಕೂತು ಕೂ ಹಾಕಿದೆ. ಉತ್ತರ ಬರಲಿಲ್ಲ. ಮತ್ತೆ ಹಾಕಿದೆ. ಕಾಫಿ ಗಿಡಗಳ ನಡುವೆ ಆಕೆಯ ಸೆರಗು ಕಾಣುತ್ತಿತ್ತು. ತಲೆ ಎತ್ತಲಿಲ್ಲ.

“ಬೇರೆ ಯಾರಾದ್ರೂ ಹೇಳ್ರೇ” ಎಂದರು ಗುರುವಯ್ಯ. ಹೆಂಗಸರು ಮುಖ ಮುಖ ನೋಡಿಕೊಂಡರು. ಆಕೆಯ ಎದುರಿಗೆ ಆಕೆಯ ಕೂ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

“ಕಡಿಯೋ ಚಿಕ್ಕಯ್ಯ, ಎಲ್ರೂ ಸರ್ದಿದಾರೆ” ಎಂದು ಮೇಸ್ತ್ರಿ ಕೂಗಿದರು.

ನಾನು ಕಡಿಯಲಿಲ್ಲ. ಹಠವೆಂದರೆ ಹಠ ಅನ್ನಿ. ಈಗ ನಾನು ಕಡಿದುಬಿಟ್ಟರೆ ಆಕೆ ಇನ್ನೆಂದೂ ಬಾಯಿ ತೆರೆಯುವುದಿಲ್ಲ ಎಂಬ ಹೆದರಿಕೆ ಹುಟ್ಟಿತ್ತು. ಪಕ್ಕದಲ್ಲಿ ಇನ್ನೊಬ್ಬನಿಗೆ ಕೂರಲು ಜಾಗವಿತ್ತು. ಆ ಕಡೆ ನೋಡದೆ ಕಾದೆ.

ಕೊನೆಗೆ ಕೂ ಬಂತು. ಸಣ್ಣ ಕೂ. ಅಷ್ಟು ಹೊತ್ತು ಕಾದದ್ದು ಅದಕ್ಕೇ. ಆದರೂ ಕತ್ತಿ ಎತ್ತದೆ, ಇನ್ನೊಂದು ಬರುತ್ತದೆಂದು ಕಿವಿಗೊಟ್ಟು ಕೂತೆ. ಬರಲಿಲ್ಲ. ನನಗೆ ಯಾವಾಗಲೂ ಒಂದೇ ತಾನೇ.

ಬೆಳ್ಳಿಯಪ್ಪ ಸತ್ತದ್ದು ನನಗೆ ನಿಜವಾಗಿ ಗೊತ್ತಾದದ್ದು ಆಗ. ಅಳುತ್ತಲೇ ಕೊಂಬೆ ಕಡಿದೆ. ಮರದ ಮೇಲೆ ಯಾರು ನೋಡುತ್ತಾರೆ.