ಸಂಪಿನ ಮುಚ್ಚಳ ತೆರೆದಿದ್ದ ಮಧ್ಯಾಹ್ನ

ಬೇಸಿಗೆ ಬಂತೆಂದರೆ ಬೇರೆ ಮನೆಗಳಲ್ಲಿ ಹಪ್ಪಳ, ಸಂಡಿಗೆ. ನಮ್ಮ ಮನೆಯಲ್ಲಿ ಪಿನಫೋರ್. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಮಹಡಿ ಮೇಲೆ, ಶೀಟಿನ ಸೂರಿನಡಿ, ನಮ್ಮ ಯಜಮಾನರ ಪುಟ್ಟ ಹೊಲಿಗೆ ಯೂನಿಟ್ ಇದೆ. ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಾರೆ. ಮಕ್ಕಳಿಗೆ ರಜ ಶುರುವಾದಾಗ ನಮಗೆ ಕೆಲಸ ಶುರು. ಸ್ಕೂಲು ಬಾಗಿಲು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿರಬೇಕು.

"ಕೆಲಸ ನಾನು ನೋಡ್ಕೋತೀನಿ, ಅವರ ಮೂಡ್ ನೀನು ನೋಡ್ಕೋ" ಅಂತ ಇವರು ಹೇಳಿಬಿಟ್ಟಿದ್ದರು. ಹೊಲಿಯುವ ಆರು ಜನ ಹೆಂಗಸರ ಮೂಡ್ ನನ್ನ ಪಾಲಿಗೆ ಬಂತು. ನಾನು ಶುಂಠಿ, ಕರಿಬೇವು ಜಜ್ಜಿ ಮಜ್ಜಿಗೆ ಮಾಡುತ್ತಿದ್ದೆ. ಶೀಟಿನ ಮೇಲೆ ಒದ್ದೆ ಗೋಣಿಚೀಲ ಹಾಸಿಸುತ್ತಿದ್ದೆ. ಫ್ಯಾನ್ ಜೋರಾಗಿ ಹಾಕಿದರೆ ಕತ್ತರಿಸಿಟ್ಟ ಕಾಲರ್ ಪೀಸುಗಳು ಹಾರಿಹೋಗುತ್ತವೆ, ಅದಕ್ಕೇ ಅದು ಸದಾ ಎರಡನೇ ನಂಬರಿನಲ್ಲಿ ತೇಕುತ್ತಿರುತ್ತಿತ್ತು. ಆದರೂ ಆ ವರ್ಷ ಯಾಕೋ ಪ್ಲೀಟುಗಳೆಲ್ಲ ಸೊಟ್ಟ. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್ ಸ್ಕೇಲಿಟ್ಟು ನಮ್ಮ ಪ್ಲೀಟು ಅಳೆಯುತ್ತಿದ್ದರು, ಹಾಗಾಗಿ ನನ್ನ ಕಣ್ಣಿಗೆ ಅದು ತಪ್ಪುವುದಿಲ್ಲ.

ಕಾರಣ ಸೆಕೆಯಲ್ಲ, ಫೋನು. "ಗ್ಯಾಸ್ ಮುಟ್ಬೇಡ ಕಣೋ." "ಯಾರು ಬಂದ್ರೂ ಬಾಗ್ಲು ತೆಗೀಬೇಡ." ಹತ್ತು ಹೊಲಿಗೆಗೊಂದು ಫೋನು. ಸ್ಕೂಲಿಲ್ಲದ ಮಕ್ಕಳು ಮನೆಯಲ್ಲಿ ಒಂಟಿ. ಇಟ್ಟಮಡುವಿನಿಂದ ಬರುತ್ತಿದ್ದ ಒಬ್ಬಾಕೆಯಂತೂ ನಾಲ್ಕು ವರ್ಷದ ಮಗಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಬರುತ್ತಿದ್ದಳು. ಅದನ್ನು ಕೇಳಿದ ದಿನವೇ ಮಹಡಿ ಹತ್ತಿದೆ.

"ಎಲ್ಲರನ್ನೂ ಕರ್ಕೊಂಡು ಬನ್ನಿ. ಕೆಳಗೆ ನಾನಿರ್ತೀನಲ್ಲ" ಅಂದೆ.

"ಇದು ಯೂನಿಟ್ಟೋ ಶಿಶುವಿಹಾರಾನೋ?" ಅಂತ ಇವರು ಗೊಣಗಿದರು. ಆದರೆ ನಾಲ್ಕು ಮಕ್ಕಳು ನಮ್ಮ ಹಾಲಿನಲ್ಲಿ ಬಣ್ಣ ಬಳಿಯುತ್ತ ಕೂತ ಮೇಲೆ, ಮೇಲಿನ ಮೆಷಿನುಗಳ ಸದ್ದೇ ಬದಲಾಯಿತು. ಮೊದಲು ತಡೆದು ತಡೆದು ಓಡುತ್ತಿದ್ದವು, ಈಗ ಒಂದೇ ಸಮ. ಇಟ್ಟಮಡುವಿನವಳ ಮೆಷಿನಿಗೆ ಮಾತ್ರ ನಡುನಡುವೆ 'ಟಕ್' ಅನ್ನುವ ಅಭ್ಯಾಸ. ಪ್ಲೀಟುಗಳು ನೆಟ್ಟಗಾದವು. ಇವರ ಗೊಣಗಾಟವೂ ನಿಂತಿತು.

ಆ ದಿನ ಬೆಳಿಗ್ಗೆ ಬರಬೇಕಿದ್ದ ನೀರಿನ ಟ್ಯಾಂಕರ್ ಊಟದ ಹೊತ್ತು ಕಳೆದ ಮೇಲೆ ಬಂತು. ಇವರು ಸ್ಕೂಲಿಗೆ ಸ್ಯಾಂಪಲ್ ತೋರಿಸಲು ಹೋಗಿದ್ದರು.

"ಮೇಡಂ, ಸಂಪ್ ತೆಗೀರಿ, ಬೇಗ! ಇನ್ನೂ ಮೂರು ಮನೆ ಐತೆ" ಅಂದ ಟ್ಯಾಂಕರಿನವನು. ನಾನು ಹೇಳುವಷ್ಟರಲ್ಲಿ ಅವನೇ ಅಂಗಳದ ನೆಲದೊಳಗಿನ ಆ ತೊಟ್ಟಿಯ ಮುಚ್ಚಳ ಎಳೆದು ಪೈಪು ಬಿಟ್ಟ. ಪಕ್ಕದಲ್ಲೇ ನಿಂತಿದ್ದೆ. ಅಷ್ಟರಲ್ಲಿ ಒಳಗೆ ಬಣ್ಣದ ನೀರು ಚೆಲ್ಲಿ ಇಬ್ಬರು ಹುಡುಗರು ಜಗಳಕ್ಕೆ ಬಿದ್ದರು. ಒಳಗೆ ಹೋಗಿ ನೆಲ ಒರೆಸಿದೆ. ಹೊರಗೆ ಲಾರಿ ಹೊರಟ ಸದ್ದು. ತಲೆಯೆತ್ತಿ ನೋಡಿದರೆ ಹಾಲಿನಲ್ಲಿ ಮೂರೇ ಮಕ್ಕಳು. ಇಟ್ಟಮಡುವಿನವಳ ಮಗಳಿಲ್ಲ.

"ಪಾಪು ಎಲ್ರೋ?"

"ಗೊತ್ತಿಲ್ಲ ಆಂಟಿ. ಆಗಲೇ ಎದ್ದೋದ್ಲು."

ಬಚ್ಚಲು ನೋಡಿದೆ. ಮಂಚದ ಕೆಳಗೆ ನೋಡಿದೆ. ಗೇಟಿಗೆ ಚಿಲಕ ಹಾಕಿಯೇ ಇತ್ತು. ಆಮೇಲೆ ಕಣ್ಣಿಗೆ ಬಿದ್ದದ್ದು ಸಂಪು. ಟ್ಯಾಂಕರಿನವನು ಮುಚ್ಚಳ ಮತ್ತೆ ಮುಚ್ಚಿರಲೇ ಇಲ್ಲ.

ಅಂಗಳದ ಸಿಮೆಂಟು ಕಾದು ಸುಡುತ್ತಿತ್ತು. ಹೊಟ್ಟೆ ಅಡಿಯಾಗಿ ಮಲಗಿ ಒಳಗೆ ಬಗ್ಗಿದೆ. ನೀರು ಇನ್ನೂ ಸುಮ್ಮನಾಗಿರಲಿಲ್ಲ, ಕಪ್ಪಗೆ ಅಲ್ಲಾಡುತ್ತಿತ್ತು. ಏನೋ ಬೆಳ್ಳಗೆ ತೇಲಿತು. ನೊರೆ. ಬಟ್ಟೆ ಒಣಹಾಕುವ ಬಿದಿರುಕೋಲು ತಂದು ಒಳಗೆ ಬಿಟ್ಟೆ. ತಳ ಗಟ್ಟಿಯಾಗಿ ತಾಕಿತು. ಇನ್ನೊಂದು ಕಡೆ ಸರಿಸಿದೆ, ಮೆತ್ತಗೆ ಏನೋ ತಾಕಿತು. ಕೋಲು ಕೈಜಾರಿತು. ಮತ್ತೆ ಹಿಡಿದು ಒತ್ತಿದೆ. ಕೆಸರು. ಕೆಸರೇ ಅಂದುಕೊಂಡೆ. ಕೆಸರೇ ಆಗಲಿ ಅಂದುಕೊಂಡೆ.

ಮೇಲೆ ಮೆಷಿನುಗಳು ಓಡುತ್ತಲೇ ಇದ್ದವು. ಅದರಲ್ಲಿ ಇಟ್ಟಮಡುವಿನವಳ ಮೆಷಿನಿನ ಆ ಟಕ್ ಸದ್ದೂ ಕೇಳುತ್ತಿತ್ತು. ಅದು ಕೇಳುತ್ತಿರುವಷ್ಟು ಹೊತ್ತು ಅವಳ ಪಾಲಿಗೆ ಏನೂ ಆಗಿಲ್ಲ. ನಾನು ಕೂಗಿದರೆ ಆಗಿಬಿಡುತ್ತದೆ. ಹಾಗೆ ಅನ್ನಿಸಿ ಬಾಯಿ ತೆರೆಯಲಾಗಲಿಲ್ಲ. ಕೊನೆಗೆ ತೆರೆದಾಗ ದನಿಯೇ ಹೊರಡಲಿಲ್ಲ. ಹುಡುಗಿಯರು ಮೆಲ್ಲಗೆ ಮಾತಾಡಬೇಕು ಅಂತ ಕಾನ್ವೆಂಟಿನಲ್ಲಿ ಹತ್ತು ವರ್ಷ ಹೇಳಿಸಿಕೊಂಡ ಗಂಟಲು. ಎರಡನೇ ಸಲ ಯಾರದೋ ದನಿಯಂತೆ ಕಿರುಚಿದೆ.

ಮೆಷಿನುಗಳು ಒಂದೊಂದಾಗಿ ನಿಂತವು.

ಅವಳೇ ಮೊದಲು ಇಳಿದು ಬಂದಳು, ಕೈಯಲ್ಲಿ ಕತ್ತರಿ ಹಿಡಿದೇ. ನನ್ನನ್ನು ನೋಡಿದಳು, ಕೋಲು ನೋಡಿದಳು. ಕತ್ತರಿ ಬಿಸಾಕಿ, ಸೀರೆ ಸಮೇತ ಸಂಪಿಗೆ ಇಳಿದುಬಿಟ್ಟಳು. ನೀರು ಎದೆಯವರೆಗೆ ಬಂತು. ಉಸಿರು ಕಟ್ಟಿ ಮುಳುಗಿದಳು, ಎದ್ದಳು, ಮತ್ತೆ ಮುಳುಗಿದಳು. ಸುತ್ತ ನಿಂತ ಹೆಂಗಸರು ದೇವರನ್ನು ಕರೆಯುತ್ತಿದ್ದರು. ನಾನು ದೇವರನ್ನೂ ಕರೆಯಲಿಲ್ಲ. ಅವಳ ತಲೆ ಮೇಲೆ ಬರುವುದನ್ನಷ್ಟೇ ಕಾಯುತ್ತಿದ್ದೆ, ಕೈಯಲ್ಲಿ ಏನೂ ಇಲ್ಲದೆ ಬರಲಿ ಅಂತ.

"ಇಲ್ಲೈತೆ! ಮಗೀಗೇನೂ ಆಗಿಲ್ಲ ಕಣ್ರೇ, ಇಲ್ಲೈತೆ!"

ಮಹಡಿಯಿಂದ ಕೂಗಿದ್ದು ಅವರಲ್ಲೆಲ್ಲ ಹಿರಿಯಾಕೆ. ಮಂಡಿನೋವಿಗೆ ಅವಳು ಕೆಳಗಿಳಿದಿರಲಿಲ್ಲ. ಬೆಳಕಿಗಾಗಿ ಮೆಷಿನುಗಳೆಲ್ಲ ಕಿಟಕಿ ಕಡೆ ಮುಖ ಮಾಡಿವೆ, ಕಟಿಂಗ್ ಟೇಬಲ್ಲು ಬೆನ್ನ ಹಿಂದೆ. ಮಗು ಅಮ್ಮನನ್ನು ಹುಡುಕಿಕೊಂಡು ಮೆಲ್ಲಗೆ ಮೆಟ್ಟಿಲು ಹತ್ತಿ, ಟೇಬಲ್ಲಿನ ಅಡಿ ಬಟ್ಟೆಯ ರಾಶಿ ಮೇಲೆ ಮಲಗಿ ನಿದ್ದೆಹೋಗಿತ್ತು.

ತಾಯಿಗೆ ಸಂಪಿನಿಂದ ಮೇಲೆ ಬರಲು ಆಗಲಿಲ್ಲ. ನಾಲ್ಕು ಜನ ಸೇರಿ ಎಳೆದೆವು. ಅಷ್ಟರಲ್ಲಿ ಹಿರಿಯಾಕೆ ನಿದ್ದೆಗಣ್ಣಿನ ಮಗುವಿನ ಕೈ ಹಿಡಿದು ಕುಂಟುತ್ತ ಇಳಿದು ಬಂದಳು. ಮಗುವಿನ ಕೆನ್ನೆಗೆಲ್ಲ ಮಾರ್ಕಿಂಗ್ ಚಾಕಿನ ನೀಲಿ.

"ಕೆಳಗೇ ಇರು ಅಂದಿದ್ನಲ್ಲೇ!"

"ಸೆಕೆ. ಅಮ್ಮ, ನೀನ್ಯಾಕೆ ಸ್ನಾನ ಮಾಡ್ದೆ?"

ಹಿರಿಯಾಕೆ, "ನಿಮ್ಮವ್ವಂಗೂ ಸೆಕೆ ಕಣವ್ವಾ. ನಮ್ಮನ್ನೂ ಕರೆದಿದ್ರೆ ನಾವೂ ಇಳೀತಿದ್ವಿ" ಅಂದಳು. ಯಾರೋ ಕಿಸಕ್ಕನೆ ನಕ್ಕರು. ತಾಯಿಯೂ ನಕ್ಕಳು, ನಗುನಗುತ್ತಲೇ ಬಿಕ್ಕಿದಳು. ಆಮೇಲೆ ಮೆಷಿನ್ ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಿ ಅನ್ನಲಿಲ್ಲ.

ಸಾಯಂಕಾಲ ಇವರು ಕೇಳಿ ಬೆವತುಹೋದರು. "ನಾಳೆಯಿಂದ ಮಕ್ಕಳು ಬೇಡ. ಏನಾದ್ರೂ ಆಗಿದ್ರೆ?"

"ಬೇಡ ಅಂದ್ರೆ ಅದನ್ನ ಮತ್ತೆ ಬೀಗ ಹಾಕಿ ಕೂರಿಸ್ತಾಳೆ" ಅಂದೆ. ಬಾಯಿ ಹಾಗಂದರೂ ಒಳಗೊಳಗೆ ಬೇಡವೆಂದೇ ಅನ್ನಿಸುತ್ತಿತ್ತು. ಮೆತ್ತಗೆ ತಾಕಿದ್ದ ಆ ಕೆಸರು ಇನ್ನೂ ಅಂಗೈಯಲ್ಲೇ ಇತ್ತು. ಇವರು ಮರುದಿನ ಬೆಳಿಗ್ಗೆಯೇ ಸಂಪಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೀಗ ಜಡಿಸಿದರು.

ಇಟ್ಟಮಡುವಿನವಳು ಬರುತ್ತಾಳೋ ಇಲ್ಲವೋ ಅಂತ ಗೇಟಿನಲ್ಲೇ ನಿಂತಿದ್ದೆ. ಬಂದಳು. ನನ್ನ ಬಾಗಿಲು ದಾಟಿ ಮಗುವನ್ನು ಮೇಲಕ್ಕೇ ಕರೆದೊಯ್ದಳು. ಮಜ್ಜಿಗೆ ಕೊಡಲು ಹೋದಾಗ ನೋಡಿದೆ, ಹಳೇ ದುಪಟ್ಟಾದ ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ಮೆಷಿನಿನ ಕಾಲಿಗೆ. ಮಗು ಎಳೆದಾಗಲೆಲ್ಲ ಅವಳ ಹೊಲಿಗೆ ನಿಲ್ಲುತ್ತಿತ್ತು. ಸಂಜೆಗೆ ಅರ್ಧ ಕೆಲಸವೂ ಆಗಿರಲಿಲ್ಲ.

ಆ ವಾರವೆಲ್ಲ ಹೀಗೇ ನಡೆಯಿತು. ಸೋಮವಾರ ಅವಳು ಮಗುವಿನ ಜೊತೆ ಸಂಪಿನ ಹತ್ತಿರ ನಿಂತಳು. ಬೀಗ ಹಿಡಿದು ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ನನ್ನ ಬಾಗಿಲಿಗೆ ಬಂದಳು.

"ಮೇಡಂ, ಮೇಲೆ ತುಂಬಾ ಸೆಕೆ. ನಿಮ್ಮತ್ರಾನೇ ಇರ್ಲಿ."

'ಹೂಂ' ಅಂದು ಮಗುವಿನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆ ದಿನ ಅಡುಗೆಮನೆಗೂ ಹೋಗಲಿಲ್ಲ. ಮಧ್ಯಾಹ್ನ ಮಗು ಬಚ್ಚಲಿಗೆ ಹೊರಟಾಗ ಹಿಂದೆಯೇ ಹೋದೆ.

"ಆಂಟಿ, ನೀವು ಹೊರಗಿರಿ. ನಂಗೆ ನಾಚ್ಕೆ."

ಬಾಗಿಲಿಗೆ ಕಿವಿಗೊಟ್ಟು ನಿಂತೆ. "ಇದೀಯಾ ಪುಟ್ಟಿ?"

"ಇದೀನಿ."

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. "ಪುಟ್ಟೀ, ಇದೀಯಾ?"

"ಅಯ್ಯೋ ಆಂಟೀ, ಇದೀನಿ!"