ದಂಡೆ ಸರಿಯುವ ನೀರಿಗೊಂದು ಜಿಪಿಎಸ್

ಅಂಗಡಿಯವರನ್ನು ಒಂದು ಬಕೆಟ್ ನೀರು ಕೇಳಿದೆ.

‘ಕುಡಿಯಾಕೇನ್ರಿ ಅಕ್ಕಾರ? ಬಾಟ್ಲಿ ಐತಿ, ತಗೊಳ್ರಿ’ ಎಂದರು.

‘ಕುಡಿಯಾಕಲ್ರಿ. ಇದನ್ನ ಅದರಾಗ ಹಾಕಿ ನೋಡ್ಬೇಕು’ ಎಂದು ಕೈಯಲ್ಲಿದ್ದ ಜಿಪಿಎಸ್ ಯಂತ್ರವನ್ನು ತೋರಿಸಿದೆ.

ಅವರು ನನ್ನನ್ನೂ ಯಂತ್ರವನ್ನೂ ಒಮ್ಮೆ ನೋಡಿದರು. ಅದು ಹೊಸಪೇಟೆಯಲ್ಲಿ ಸರ್ವೆ ಸಾಮಾನು ಮಾರುವ ಅಂಗಡಿ. ಸಂಡೂರಿನ ಗಣಿಗಳಲ್ಲಿ ಅಳತೆ ಮಾಡುವವರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಯಾರೂ ಈವರೆಗೆ ಬಕೆಟ್ ಕೇಳಿರಲಿಲ್ಲವಂತೆ. (ಗುಡ್ಡದ ಮೇಲೆ ನಿಂತವರಿಗೆ ನೀರಿನ ಭಯವೆಲ್ಲಿ?)

‘ವಾಟರ್‌ಪ್ರೂಫ್ ಐತ್ರಿ. ಒಳಗ ಒಂದು ಹನಿ ಹೋಗಂಗಿಲ್ಲ.’

‘ಅದು ಸರಿ. ತೇಲ್ತೈತೋ, ಮುಳಗ್ತೈತೋ ಹೇಳ್ರಿ.’

ಅವರು ಯಂತ್ರವನ್ನು ಇಸಿದುಕೊಂಡು ಕೈಯಲ್ಲಿ ತೂಗಿ ನೋಡಿದರು. ‘ಮುಳಗ್ತೈತ್ರಿ.’

ಒಳಗೆ ಒಂದು ಹನಿ ಹೋಗದಿದ್ದರೂ ಮುಳುಗುತ್ತದೆ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತೆ. ಜೊತೆಗೆ ಬಂದಿದ್ದ ನಮ್ಮ ಮನೆಯವರು ನನ್ನ ಮುಖ ನೋಡಿ, ಮಾತು ಹಗುರ ಮಾಡಲು, ‘ಇದಕ್ಕೂ ಈಜು ಕಲಿಸ್ಬೇಕೇನು?’ ಎಂದರು. ಅಂಗಡಿಯವರು ನಕ್ಕರು. ನನಗೆ ನಗಲು ಆಗಲಿಲ್ಲ. ಈಜು ಬಲ್ಲವರೂ ಮುಳುಗುತ್ತಾರೆ ಎಂಬುದು ನಮ್ಮ ಮನೆಗೆ ಗೊತ್ತಿದೆ.

ಈ ಅಂಕಣವನ್ನು ವಾರವಾರ ಓದುವವರಿಗೆ ನನ್ನ ತಮ್ಮ ಹುಲಿಗೇಶ ಹೊಸಬನಲ್ಲ. ಅವನ ಚೇಷ್ಟೆಗಳನ್ನು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅವನು ಡ್ಯಾಮಿನ ಹಿನ್ನೀರಿನಲ್ಲಿ ಬಲೆ ಎತ್ತಲು ಒಬ್ಬನೇ ತೆಪ್ಪ ಹಾಕಿಕೊಂಡು ಹೋದ. ದಟ್ಟ ಮಂಜು ಇತ್ತು. ನಮ್ಮವರೆಲ್ಲ ಸಂಡೂರಿನ ಗುಡ್ಡಗಳನ್ನು ನೋಡಿಕೊಂಡೇ ದಂಡೆಗೆ ಬರುವುದು. ಅಂದು ಗುಡ್ಡ ಕಾಣಲಿಲ್ಲ. ಮಂಜು ಸರಿದು ಬಿಸಿಲು ಬಂದರೂ ಅವನು ಬರಲಿಲ್ಲ. ಆಮೇಲೆ ಸಿಕ್ಕ. ದಂಡೆಯ ಕಡೆ ಅಲ್ಲ, ನಡು ನೀರಿನ ಕಡೆ.

ಅದಾದ ಮೇಲೂ ನಮ್ಮ ಹೊಟ್ಟೆಪಾಡು ಅದೇ ನೀರಿನಲ್ಲಿ. ಮನೆಯವರು ಮತ್ತೆ ಬಲೆ ಹಾಕಲು ಹೊರಟರು. ದಾರಿ ತೋರಿಸುವ ಯಂತ್ರ ಕೈಯಲ್ಲಿಲ್ಲದೆ ಹೋಗಕೂಡದು ಎಂದು ನಾನು ಹಟ ಹಿಡಿದೆ.

‘ಫೋನ್ ಐತಲ್ಲ?’ ಎಂದು ಅವರು ಕೇಳಿದ್ದುಂಟು. ನೀವೂ ಕೇಳಬಹುದು. ಒದ್ದೆ ಬೆರಳು ಮುಟ್ಟಿದರೆ ಫೋನಿಗೆ ತಿಳಿಯುವುದಿಲ್ಲ. ಮೀನಿನ ಲೋಳೆ ಹತ್ತಿದ ಬೆರಳಾದರಂತೂ ಕೇಳುವುದೇ ಬೇಡ. ಜೊತೆಗೆ ಫೋನು ಸರಿಯಾದ ಕಡೆಗೇ ಕರೆದೊಯ್ಯುತ್ತದೆ ಎಂಬ ಭರವಸೆಯೂ ನನಗಿಲ್ಲ. ಹಂಪಿಗೆ ಬಂದವರನ್ನು ಅದು ಬಾಳೆತೋಟದ ಬದುವಿನ ಮೇಲೆ ತಂದು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ಅವರು ಬಾಳೆಹಣ್ಣು ತಿಂದು ವಾಪಸ್ ಹೋಗುತ್ತಾರೆ. ನಾವು?

ಅಂಗಡಿಯವರು (ಕಂಪ್ಲಿ ಕಡೆಯವರು, ತಾಳ್ಮೆ ಇದ್ದವರು) ಒಂದೊಂದಾಗಿ ಮುಂದಿಟ್ಟರು. ದೊಡ್ಡ ಪರದೆಯ, ಬಣ್ಣ ಬಣ್ಣದ ನಕ್ಷೆಯದು ಒಂದು. ಬೆರಳಿನಿಂದ ಉಜ್ಜಬೇಕು. ಬೇಡ ಎಂದೆ. ಕೈಗಡಿಯಾರದ ಹಾಗಿನದು ಇನ್ನೊಂದು. ಅದರ ಅಕ್ಷರ ಮನೆಯವರಿಗೆ ಕಾಣಲಿಲ್ಲ. ಕರೆಂಟಿನಿಂದ ಚಾರ್ಜ್ ಮಾಡುವುದು ಮತ್ತೊಂದು. ದಂಡೆಯ ಮೇಲಿನ ಗುಡಿಸಲಿನಲ್ಲಿ ಕರೆಂಟು ಎಲ್ಲಿದೆ? ಕೊನೆಗೆ ದಪ್ಪ ಗುಂಡಿಗಳಿರುವ, ಟಾರ್ಚಿನ ಸೆಲ್ ಹಾಕುವ ಸಣ್ಣ ಯಂತ್ರವನ್ನು ಆರಿಸಿದೆವು. ಅದರಲ್ಲಿ ಕನ್ನಡ ಇಲ್ಲ. ಬಾಣದ ಗುರುತು ಇದೆ, ಸಾಕು. ಮನೆಯ ಜಾಗದಲ್ಲಿ ನಿಂತು ಒಂದು ಗುಂಡಿ ಒತ್ತಿದರೆ ಅದು ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಎಲ್ಲಿದ್ದರೂ ಬಾಣ ಅತ್ತ ತೋರಿಸುತ್ತದೆ.

‘ನಡೀತಾ ಇದ್ರ ಮಾತ್ರ ದಿಕ್ಕು ಸರಿ ತೋರಿಸ್ತೈತ್ರಿ ಅಣ್ಣಾರ. ನಿಂತ್ರ ಬಾಣ ನಂಬಬ್ಯಾಡ್ರಿ’ ಎಂದು ಅಂಗಡಿಯವರು ಎಚ್ಚರಿಸಿದರು.

‘ನೀರಾಗ ನಿಂತು ಏನ್ ಮಾಡೋದೈತಿ ಬಿಡ್ರಿ’ ಎಂದು ಮನೆಯವರು ನಕ್ಕರು.

ಮನೆಗೆ ಬಂದು ಯಂತ್ರಕ್ಕೆ ಬಲೆ ತೇಲಿಸುವ ಬೆಂಡುಗಳನ್ನು ಕಟ್ಟಿದೆ. ಬಕೆಟ್ಟಿಗೆ ಹಾಕಿದೆ. ತೇಲಿತು. ತೆಗೆದೆ, ಮತ್ತೆ ಹಾಕಿದೆ. ನನ್ನ ಅವ್ವ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು.

ಅಂದು ಸಂಜೆ ದಂಡೆಯ ಗುಡಿಸಲಿನ ಮುಂದೆ ನಿಂತು ಮನೆಯವರು ಗುಂಡಿ ಒತ್ತಿದರು. ಅದು ಬೇಸಿಗೆ. ನೀರು ಬಹಳ ಒಳಗೆ ಹೋಗಿತ್ತು. ನೀರು ಇಳಿದಂತೆ ನಾವೂ ಗುಡಿಸಲನ್ನು ಅದರ ಹಿಂದೆ ಇಳಿಸುತ್ತೇವೆ, ಏರಿದಂತೆ ಏರಿಸುತ್ತೇವೆ. ನಮ್ಮಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹಿನ್ನೀರಿನವರ ಬಾಳೇ ಹಾಗೆ.

ಮಳೆಗಾಲ ಬಂತು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಬಲೆ ಹಾಕುವಂತಿಲ್ಲ. ಯಂತ್ರ ಗೂಟಕ್ಕೆ ತೂಗುತ್ತಿತ್ತು. ಡ್ಯಾಮು ತುಂಬಿತು. ಗುಡಿಸಲು ಮೇಲೆ ಬಂತು. ಪಾತ್ರೆ, ಒಲೆ, ಕೋಳಿ, ಎಲ್ಲವನ್ನೂ ಮೇಲೆ ತಂದೆವು.

ಕಳೆದ ವಾರ ಬಲೆ ಎತ್ತಲು ನಾನೂ ಹೋದೆ. ಗಂಡ ಬಲೆ ಎತ್ತುವುದು, ಹೆಂಡತಿ ಹುಟ್ಟು ಹಾಕುವುದು ನಮ್ಮಲ್ಲಿ ವಾಡಿಕೆ. ಹುಲಿಗೇಶ ಹೋದ ಮೇಲೆ ನಾನು ತೆಪ್ಪ ಹತ್ತಿದ್ದು ಅದೇ ಮೊದಲು. ಹೋಗುವಾಗ ಆಕಾಶ ಚೆನ್ನಾಗಿತ್ತು. ಬಲೆ ಅರ್ಧ ಎತ್ತಿರಬೇಕು, ಜಿಟಿಜಿಟಿ ಮಳೆ ಹಿಡಿಯಿತು. ಗಾಳಿ ಬಂತು. ನೋಡುತ್ತಿದ್ದಂತೆ ಸಂಡೂರಿನ ಗುಡ್ಡ ಅಳಿಸಿಹೋಯಿತು. ಸುತ್ತಲೂ ಬೂದಿ ಬಣ್ಣ. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು, ತಿಳಿಯದು.

ನನ್ನ ಕೈ ಹುಟ್ಟಿನ ಮೇಲೆಯೇ ನಿಂತಿತು.

‘ಯಾಕ ಅಂಜ್ತಿ? ಅದಕ್ಕಂತಲೇ ತಂದೀವಲ್ಲ’ ಎಂದು ಮನೆಯವರು ಯಂತ್ರ ತೆಗೆದರು. ಬಾಣ ಬಂತು. ಅವರು ಬಾಣ ನೋಡಿ ದಿಕ್ಕು ಹೇಳಿದರು, ನಾನು ಹುಟ್ಟು ಹಾಕಿದೆ. ದೂರ ಕಡಿಮೆಯಾಗುತ್ತ ಬಂತು. ನನ್ನ ಉಸಿರೂ ಸ್ವಲ್ಪ ಇಳಿಯಿತು. ಆಮೇಲೆ ಯಂತ್ರ ಕೂಗಿತು.

ಮನೆ ಬಂತು ಎಂದು ಅದರ ಅರ್ಥ.

ತಲೆ ಎತ್ತಿ ನೋಡಿದೆ. ಸುತ್ತಲೂ ನೀರು.

ಮನೆಯವರು ಯಂತ್ರವನ್ನು ಅಲುಗಾಡಿಸಿದರು. ಅದು ಮತ್ತೆ ಕೂಗಿತು. ಬಲೆಯ ಕಲ್ಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಹಗ್ಗ ಮುಗಿಯಿತು. ಕಲ್ಲು ತಳ ಮುಟ್ಟಲಿಲ್ಲ.

‘ಕೆಟ್ಟೈತೇನ್ರಿ?’ ಎಂದೆ.

ಅವರು ಹಗ್ಗವನ್ನು ಮೇಲಕ್ಕೆ ಎಳೆದುಕೊಂಡರು. ‘ಕೆಟ್ಟಿಲ್ಲ. ಬ್ಯಾಸಗಿಯಾಗ ಗುಡಿಸ್ಲು ಹಾಕಿದ್ವಲ್ಲ, ಅದರ ಮ್ಯಾಲೇ ಅದೀವಿ ನಾವು’ ಎಂದರು.

ಗುಡಿಸಲನ್ನು ಮೇಲೆ ತಂದಿದ್ದೆವು. ಕೋಳಿಯನ್ನೂ ತಂದಿದ್ದೆವು. ಯಂತ್ರದೊಳಗಿನ ಮನೆಯನ್ನು ತಂದಿರಲಿಲ್ಲ. ನಮ್ಮ ಕೆಳಗೆ, ಆ ಕಪ್ಪು ನೀರಿನ ತಳದಲ್ಲಿ, ನಾನು ರೊಟ್ಟಿ ಸುಟ್ಟ ಮೂರು ಕಲ್ಲುಗಳಿದ್ದವು.

ದಾರಿ ತೋರಿಸುವ ಯಂತ್ರಗಳು ನೆಲ ಇದ್ದಲ್ಲೇ ಇರುತ್ತದೆ ಎಂದು ನಂಬಿವೆ. ಪೇಟೆಯವರಿಗೆ ಅದು ನಿಜ. ದಂಡೆಯೇ ವರ್ಷಕ್ಕೊಮ್ಮೆ ಹೋಗಿ ಬರುವ ಊರಿನವರು ಏನು ಮಾಡಬೇಕು?

ತೆಪ್ಪ ದುಂಡಗಿನದು. ಅದಕ್ಕೆ ಮುಂದು ಹಿಂದು ಇಲ್ಲ. ಹುಟ್ಟು ನಿಲ್ಲಿಸಿದೊಡನೆ ಗಾಳಿ ಅದನ್ನು ಬುಗುರಿಯಂತೆ ತಿರುಗಿಸಿತು. ಎತ್ತಲಿಂದ ಬಂದೆವು ಎಂಬುದೂ ಮರೆತುಹೋಯಿತು. ಬಾಣವೂ ಅತ್ತಿತ್ತ ಹೊರಳುತ್ತಿತ್ತು.

ಆಗ ನನಗೆ ತಿಳಿಯಿತು, ಹುಲಿಗೇಶನಿಗೆ ಅಂದು ಏನಾಗಿರಬಹುದೆಂದು. ಇಷ್ಟು ತಿಂಗಳು ಆ ಯೋಚನೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ತೆಪ್ಪದಲ್ಲಿ ಎದ್ದು ಹೋಗಲು ಜಾಗವಿಲ್ಲ. ಅವನೂ ಹೀಗೆಯೇ ಒಂದು ಗಳಿಗೆ ನಿಂತಿರಬೇಕು. ಆಮೇಲೆ ಜೋರಾಗಿ, ಧೈರ್ಯವಾಗಿ, ಮನೆಯ ಕಡೆ ಎಂದುಕೊಂಡೇ ನಡು ನೀರಿಗೆ ಹುಟ್ಟು ಹಾಕಿರಬೇಕು.

‘ರೀ, ಎತ್ತಾಗ?’ ಎಂದೆ.

ನಾವು ಬಂದ ದಾರಿ ಯಂತ್ರದ ಮೇಲೆ ಗೆರೆಯಾಗಿ ಉಳಿದಿತ್ತು. ಮನೆಯವರು ಅದನ್ನು ತೋರಿಸಿದರು. ‘ನೆಲ ಇಲ್ಲಿಂದ ಅದೇ ಸಾಲಿನಾಗ ಮ್ಯಾಲಕ್ಕ ಏರ್ತೈತಿ. ಗೆರಿ ಸೊಟ್ಟ ಆಗದಂಗ ಮುಂದಕ್ಕ ಹಾಕು. ನಿಲ್ಲಬ್ಯಾಡ.’

ಹಾಕಿದೆ. ಗೆರೆ ಒಮ್ಮೆ ಬಾಗಿತು. ‘ಎಡಕ್ಕ’ ಎಂದರು. ಮತ್ತೆ ಹಾಕಿದೆ. ಕಲ್ಲು ಇಳಿಸಿದರು, ಮುಟ್ಟಲಿಲ್ಲ. ಇನ್ನಷ್ಟು ದೂರ ಹೋಗಿ ಇಳಿಸಿದರು. ಹಗ್ಗ ಸಡಿಲಾಯಿತು.

ತಳ ಸಿಕ್ಕಿತ್ತು. ಮನೆಯವರು ಅತ್ತದ್ದನ್ನು ನಾನು ಆಗ ನೋಡಿದೆ. ಮಳೆ ಹನಿ ಎಂದು ಅವರು ಹೇಳಬಹುದು, ಹೇಳಲಿ.

ಯಾರದೋ ಮೆಕ್ಕೆಜೋಳದ ಹೊಲದ ಅಂಚಿಗೆ ತೆಪ್ಪ ತಾಗಿತು. ನಮ್ಮ ಗುಡಿಸಲು ಅಲ್ಲಿಂದ ದೂರವಿತ್ತು. ನಡೆದುಕೊಂಡೇ ಬಂದೆವು. ಬಂದೊಡನೆ ಮನೆಯವರು ಗುಡಿಸಲಿನ ಮುಂದೆ ನಿಂತು ಹಳೆಯ ಗುರುತು ಅಳಿಸಿ ಹೊಸದಾಗಿ ಗುಂಡಿ ಒತ್ತಿದರು. ಇನ್ನು ಗುಡಿಸಲಿನ ಗಳು ಕಿತ್ತಾಗಲೆಲ್ಲ ಈ ಗುರುತನ್ನೂ ಕೀಳಬೇಕು ಎಂದು ನಮ್ಮಲ್ಲೇ ಕಟ್ಟಳೆ ಮಾಡಿಕೊಂಡಿದ್ದೇವೆ. ನೀವು ಇಂಥದ್ದು ಕೊಳ್ಳುವವರಾದರೆ ನೀವೂ ಮಾಡಿಕೊಳ್ಳಿ. ಬೆಂಡು ಕಟ್ಟುವುದನ್ನೂ ಮರೆಯಬೇಡಿ.

ಇಂದು ಬೆಳಿಗ್ಗೆ ಮನೆಯವರು ಮತ್ತೆ ಹೋಗಿದ್ದಾರೆ. ಅಂದು ಮಳೆಯಲ್ಲಿ ನೆನೆದು ನನಗೆ ಜ್ವರ. ನನ್ನ ಬದಲು ಪಕ್ಕದ ಗುಡಿಸಲಿನವರು ತೆಪ್ಪದಲ್ಲಿ ಜೊತೆಗಿದ್ದಾರೆ. ಯಂತ್ರ ಮನೆಯವರ ಕೊರಳಲ್ಲಿದೆ, ಹೊಸ ಸೆಲ್ ಹಾಕಿಕೊಟ್ಟಿದ್ದೇನೆ. ಗುಡ್ಡದ ಮೇಲೆ ಮೋಡ ಇಳಿಯುತ್ತಿದೆ. ನಾನು ಒಂದು ಸಾಲು ಬರೆಯುವುದು, ಒಮ್ಮೆ ಹೊರಗೆ ನೋಡುವುದು.

ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಮಗನನ್ನು ಇದೇ ನೀರಿಗೆ ಕೊಟ್ಟವಳು. ಯಂತ್ರ ತಂದಾಗಿನಿಂದ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

‘ಅವ್ರು ಈಗ ಎಲ್ಲಿ ಅದಾರ ಅಂತ ಅದರಾಗ ನಮಗ ಕಾಣ್ತೈತೇನು?’ ಎಂದಳು.

‘ಇಲ್ಲಬೇ. ಕೈಯಾಗ ಹಿಡಕೊಂಡವ್ರಿಗೆ ಅಷ್ಟ ಕಾಣ್ತೈತಿ.’

ಅವ್ವ ನೀರಿನ ಕಡೆ ನೋಡಿದಳು.

‘ಹಂಗಾದ್ರ ದಂಡಿ ಮ್ಯಾಲೆ ಕುಂತವ್ರಿಗೆ ಏನ್ ತಂದಿ?’